ಮೂಗಪ್ಪನನ್ನು ಎಬ್ಬಿಸುವವಳು

ನನ್ನ ನಾದಿನಿ ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋಗಿಬರುವುದನ್ನು ನೋಡಿ ನಮ್ಮ ಬೀದಿಯವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಕೆಲವರು ನನ್ನನ್ನೇ ನಿಲ್ಲಿಸಿ, ‘ಇನ್ನೊಂದು ಕಿತ್ತುಹೋಗಿದ್ರೆ ಹೊಲಿದುಕೊಡಬಾರದೇನ್ರೀ, ನೀವೇ ಹೊಲಿಗೆಯವರು’ ಎಂದದ್ದೂ ಉಂಟು. ಆ ಚಪ್ಪಲಿ ಕಿತ್ತುಹೋಗಿಲ್ಲ, ಬಾಗಿಲ ಹಿಂದೆ ಚೆನ್ನಾಗಿಯೇ ಇದೆ. ಕೇಳಿದವರಿಗೆಲ್ಲ ವಿವರಿಸುತ್ತ ನಿಲ್ಲುವಷ್ಟು ತಾಳ್ಮೆ ನನಗೆ ದೇವರು ಕೊಟ್ಟಿಲ್ಲ. ಅದೂ ಅಲ್ಲದೆ ಅತ್ತೆ ಇರುವ ತನಕ ಬಾಯಿ ಬಿಡುವಂತಿರಲಿಲ್ಲ. ಈಗ ಅವರಿಲ್ಲ, ಬರೆಯುತ್ತಿದ್ದೇನೆ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನ್ನ ಗಂಡನ ಈ ತಂಗಿ ಇನ್ನೂ ಓದುತ್ತಿದ್ದಳು. ಮೈ ತೆಳ್ಳಗೆ, ಮಾತು ಕಡಿಮೆ, ಹಟ ಮಾತ್ರ ಮೂರಾಳಿನಷ್ಟು. ಮದುವೆ ಬೇಡವೆಂದಳು. ಅತ್ತೆ ಅತ್ತು ಕರೆದು ಕೊನೆಗೆ ಸುಮ್ಮನಾದರು. ನಮ್ಮದು ಎರಡು ಕೋಣೆ, ನಡುವೆ ಒಂದು ಅಡುಗೆಮನೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅತ್ತೆ ಮತ್ತು ಅವಳು. ಅಷ್ಟು ಇಕ್ಕಟ್ಟಿನಲ್ಲಿ ಅತ್ತಿಗೆ ನಾದಿನಿ ಜಗಳವಾಡದೆ ಇರುವುದುಂಟೆ? ಕನ್ನಡಿಗಾಗಿ, ಬಟ್ಟೆ ಹಾಕುವ ಹಗ್ಗಕ್ಕಾಗಿ, ಬಚ್ಚಲಿಗೆ ಯಾರು ಮೊದಲು ಎಂಬುದಕ್ಕಾಗಿ ಆಡಿದೆವು. ನನ್ನ ಗಂಡ ಇಬ್ಬರ ಮಾತಿಗೂ ಹೂಂ ಎಂದು ಇಬ್ಬರನ್ನೂ ನಗಿಸಿ ಜಾರಿಕೊಳ್ಳುತ್ತಿದ್ದರು.

ಅಣ್ಣ ತಂಗಿ ಇಬ್ಬರಿಗೂ ಒಂದೇ ಕಡೆ ಕೆಲಸ. ಊರ ಹೊರಗೆ ಹಣ್ಣು, ಮೀನು, ಔಷಧಿ ಎಲ್ಲವನ್ನೂ ಕೆಡದಂತೆ ಇಡುವ ದೊಡ್ಡ ಶೀತಲ ಗೋದಾಮಿದೆ. ಅದರ ಕೊಳವೆಗಳಲ್ಲಿ ಹರಿಯುವುದು ಅಮೋನಿಯ. ಕೊಳವೆಯ ಒಳಗಿದ್ದರೆ ತಂಪು ಕೊಡುತ್ತದೆ, ಹೊರಗೆ ಬಂದರೆ ಎದೆಯನ್ನು ಸುಡುತ್ತದೆ. ನನ್ನ ಗಂಡ ಆ ಕೊಳವೆಗಳ ಫಿಟ್ಟರ್. ಅವಳ ಕೆಲಸ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗುವ ಮೇಲಿನ ಕೋಣೆಯಲ್ಲಿ, ಒಂದು ಕಂಪ್ಯೂಟರಿನ ಮುಂದೆ. ಅದರಲ್ಲಿ ಬಣ್ಣದ ಚಿತ್ರಗಿತ್ರ ಏನೂ ಇರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಲ್ಲೊಂದು ಇಲ್ಲೊಂದು ಹಸಿರು ಪದ. ಇವಳು ಒಂದು ಸಾಲು ಹೊಡೆದರೆ ಅದು ಒಂದು ಸಾಲು ಉತ್ತರ ಕೊಡುತ್ತಿತ್ತು. ನಮ್ಮ ಮನೆಯಲ್ಲಿ ಅವಳು ಇಡೀ ದಿನ ಆಡುವ ಮಾತಿಗಿಂತ ಅದರೊಡನೆ ಆಡುವ ಮಾತೇ ಹೆಚ್ಚು ಎಂದು ನಾನು ಚುಚ್ಚುತ್ತಿದ್ದೆ.

ಆ ಕಂಪ್ಯೂಟರಿನೊಳಗೆ ಪರದೆಯ ಮೇಲೆ ಮುಖ ತೋರಿಸದೆ, ಹಿಂದೆ ನಿಂತು ಸದಾ ಕೆಲಸ ಮಾಡುವ ಪ್ರೋಗ್ರಾಮುಗಳಿದ್ದವು. ಅವಳು ಅವನ್ನು ಆಳುಗಳು ಎನ್ನುತ್ತಿದ್ದಳು, ಹೆಸರೂ ಇಟ್ಟಿದ್ದಳು. ಕೋಣೆಗಳ ಚಳಿ ಅಳೆಯುವವನು ಚಳಿಯಪ್ಪ. ಬಾಗಿಲು ತೆಗೆದು ಮುಚ್ಚುವವನು ಬಾಗಿಲಪ್ಪ. ಗಾಳಿಯಲ್ಲಿ ಅಮೋನಿಯ ಸುಳಿದರೆ ಮೂಸಿ, ಸೈರನ್ ಕೂಗಿಸಿ, ದೊಡ್ಡ ವಾಲ್ವನ್ನು ತಾನೇ ಮುಚ್ಚಿಬಿಡುವವನು ಮೂಗಪ್ಪ.

‘ಮೂಗು ಇರೋ ಮೂಗಪ್ಪನೋ, ಮಾತು ಬರದ ಮೂಗಪ್ಪನೋ?’ ಎಂದು ನನ್ನ ಗಂಡ ಊಟಕ್ಕೆ ಕೂತಾಗ ಕೆಣಕಿದರು.

‘ಎರಡೂ. ಸುಮ್ನೆ ಇರ್ತಾನೆ. ಅವನು ಬಾಯಿ ಬಿಟ್ಟ ದಿನ ನೀನು ಹಿಂದೆ ಮುಂದೆ ನೋಡದೆ ಓಡಬೇಕು.’

‘ನನ್ನ ಮೂಗೇ ಸಾಕು ಬಿಡು. ಇಷ್ಟುದ್ದ ಇದೆ.’

‘ನಿನ್ನ ಮೂಗಿಗೆ ಆ ವಾಸನೆ ರೂಢಿಯಾಗಿ ಸತ್ತುಹೋಗಿದೆ ಅಣ್ಣ. ಅದಕ್ಕೇ ಅವನನ್ನ ಇಟ್ಟಿರೋದು.’

ಅದು ನಿಜ. ಗೋದಾಮಿನಲ್ಲಿ ದಿನವೂ ದುಡಿಯುವವರಿಗೆ ಅಲ್ಲಿನ ಘಾಟು ಗೊತ್ತೇ ಆಗುತ್ತಿರಲಿಲ್ಲ. ಅವರ ಅಂಗಿ ಒಗೆಯುವ ನನಗೆ ಗೊತ್ತಾಗುತ್ತಿತ್ತು.

ರಿಪೇರಿಯೋ ಶುಚಿಯೋ ಇದ್ದರೆ ಆಳುಗಳನ್ನು ಮಲಗಿಸಬೇಕು. ಸ್ಟಾಪ್ ಎಂದು ಹೊಡೆದು ಆಳಿನ ಹೆಸರು ಹೊಡೆದರೆ ಮಲಗುತ್ತಾನೆ. ಸ್ಟಾರ್ಟ್ ಎಂದರೆ ಏಳುತ್ತಾನೆ. ಕಷ್ಟವೇನೆಂದರೆ, ಹಿಂದೆ ನಿಂತು ದುಡಿಯುವ ಆಳು ದುಡಿಯುವಾಗಲೂ ಸದ್ದು ಮಾಡುವುದಿಲ್ಲ, ಮಲಗಿದಾಗಲೂ ಸದ್ದು ಮಾಡುವುದಿಲ್ಲ. ಮಲಗಿಸಿ ಮರೆತರೆ ಯಾರಿಗೂ ತಿಳಿಯುವುದಿಲ್ಲ. ‘ಮಲಗಿಸಿದವರೇ ಎಬ್ಬಿಸಬೇಕು’ ಎಂಬುದು ಅವಳ ನೇಮ. ಮರೆಯದಿರಲು ಅವಳು ಮಾಡಿಕೊಂಡ ಉಪಾಯವೇ ಚಪ್ಪಲಿ. ಯಾವ ಆಳನ್ನಾದರೂ ಮಲಗಿಸಿದ ಕ್ಷಣ ಎಡಗಾಲಿನ ಚಪ್ಪಲಿ ಬಿಚ್ಚಿ, ಮೇಜಿನ ಕೆಳಗೆ ಗೋಡೆಯ ತನಕ ತಳ್ಳಿಬಿಡುತ್ತಿದ್ದಳು. ಆ ಕೋಣೆಯ ನೆಲ ಕಬ್ಬಿಣದ್ದು, ಕೆಳಗಿನ ಚಳಿ ಅದಕ್ಕೆ ಏರಿ ಮಂಜಿನಂತೆ ಕೊರೆಯುತ್ತದೆ. ಬರಿಗಾಲು ಮರೆಯಲು ಬಿಡುವುದಿಲ್ಲ. ಕೆಲಸ ಮುಗಿದು ಆಳನ್ನು ಎಬ್ಬಿಸಿದ ಮೇಲೆ, ಎದ್ದಿದ್ದಾನೋ ಎಂದು ಸ್ಟೇಟಸ್ ಕೇಳಿ, ಬಂದ ಸಾಲುಗಳನ್ನೆಲ್ಲ ಓದಿ, ಆಮೇಲೆ ಬಗ್ಗಿ ಚಪ್ಪಲಿ ಎಳೆದುಕೊಳ್ಳುತ್ತಿದ್ದಳು. ಗೋದಾಮಿನವರು ಅವಳಿಗೆ ಒಂಟಿ ಚಪ್ಪಲಿ ಎಂದೇ ಹೆಸರಿಟ್ಟರು. ನನ್ನ ಗಂಡ ಮಾತ್ರ ದೊರೆಸಾನಿ ಎನ್ನುತ್ತಿದ್ದರು, ಇಷ್ಟು ಜನ ಆಳುಗಳು ಇರುವವಳು ಅಂತ.

‘ಆಳು ಮಾಡಿದ್ದು ಹಾಳು, ದೊರೆಸಾನಿ’ ಎಂದರೆ ಅವಳು ತಟ್ಟೆಯಿಂದ ಕಣ್ಣೆತ್ತದೆ, ‘ಆಳು ಎದ್ದಿದ್ರೆ ಹಾಳಾಗಲ್ಲ’ ಎನ್ನುತ್ತಿದ್ದಳು.

ಗೋದಾಮಿನ ಮ್ಯಾನೇಜರ್ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ನೆಲ ತೊಳೆಯುವ ಔಷಧಿಯ ಹಬೆಗೂ ಮೂಗಪ್ಪ ಒಮ್ಮೊಮ್ಮೆ ಕೂಗಿಕೊಳ್ಳುತ್ತಿದ್ದ. ಹಮಾಲಿಗಳು ಹೊರಗೆ ಓಡುತ್ತಿದ್ದರು, ಲಾರಿಗಳು ನಿಲ್ಲುತ್ತಿದ್ದವು. ಆಗ ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದು, ‘ಸ್ವಲ್ಪ ಹೊತ್ತು ಮಲಗಿಸಮ್ಮ’ ಎನ್ನುತ್ತಿದ್ದ. ಬಾಯಿಮಾತಷ್ಟೆ. ಅವಳು ಮುಖ ಗಂಟಿಕ್ಕಿಕೊಂಡು ಮಲಗಿಸುತ್ತಿದ್ದಳು, ತೊಳೆದು ಮುಗಿದ ಕೂಡಲೇ ಎಬ್ಬಿಸುತ್ತಿದ್ದಳು. ಎಷ್ಟೋ ಸಲ ಹೀಗಾಗಿದೆ. ಒಂದು ಸಲವೂ ಅವಳು ಒಂಟಿ ಚಪ್ಪಲಿಯಲ್ಲಿ ಮೆಟ್ಟಿಲು ಇಳಿದದ್ದಿಲ್ಲ.

ಆ ದಿನ ಜನರೇಟರ್ ಬದಲಿಸುವ ಕೆಲಸವಿತ್ತು. ಬೆಳಗಿನಿಂದ ಕರೆಂಟು ಹೋಗುವುದು, ಬರುವುದು. ಪ್ರತಿ ಸಲ ಕಂಪ್ಯೂಟರ್ ಹೊಸದಾಗಿ ಎದ್ದಾಗ ಆಳುಗಳೂ ತಾವಾಗಿ ಏಳುತ್ತಾರೆ. ಮೂಗಪ್ಪ ಎದ್ದವನೇ ಸುಮ್ಮಸುಮ್ಮನೆ ಕೂಗತೊಡಗಿದ. ಮ್ಯಾನೇಜರ್ ಬಂದು, ‘ಇವತ್ತು ಇವನು ಏಳಲೇಬಾರದು, ಹಾಗೆ ಮಾಡು’ ಎಂದ. ಅದಕ್ಕೆ ಬೇರೆ ಮಾತಿದೆ. ಡಿಸೇಬಲ್ ಎನ್ನಬೇಕು. ಹಾಗೆಂದರೆ, ಯಂತ್ರ ಎದ್ದರೂ ನೀನು ಏಳಬೇಡ ಎಂದು ಹೇಳಿಟ್ಟಂತೆ. ಅವಳು ಸ್ಟಾಪ್ ಎಂದಳು, ಡಿಸೇಬಲ್ ಎಂದಳು, ಎಡಗಾಲಿನ ಚಪ್ಪಲಿ ತಳ್ಳಿದಳು. ಮಧ್ಯಾಹ್ನದ ತನಕ ಬರಿಗಾಲಲ್ಲೇ ಇದ್ದಳು.

ಜನರೇಟರ್ ಕೆಲಸ ಮುಗಿದ ಮೇಲೆ ಅವಳು ಕೆಳಗಿಳಿದು ಬಂದು ಅಣ್ಣನ ಜೊತೆ ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಡಬ್ಬಿಯ ಊಟ ಮಾಡಿದಳು. ಹಮಾಲಿಗಳೆಲ್ಲ ನೋಡಿದ್ದರು, ಎರಡೂ ಕಾಲಿಗೆ ಚಪ್ಪಲಿ ಇತ್ತು. ಊಟ ಮುಗಿಸಿ ಅವಳು ಮೇಲೆ ಹೋದಳು. ನನ್ನ ಗಂಡ ಗೋದಾಮಿನ ಹಿಂದಿನ ಕೋಣೆಯಲ್ಲಿ ಒಂದು ಕೊಳವೆಯ ಕೀಲು ಬಿಗಿ ಮಾಡಲು ಒಬ್ಬರೇ ಹೋದರು. ಆ ಕೀಲು ಒಡೆಯಿತು.

ಮೇಲಿನ ಗಾಜಿನಿಂದ ಅವಳಿಗೆ ಕಂಡದ್ದು ಮೂಗಿಗೆ ಬಟ್ಟೆ ಹಿಡಿದುಕೊಂಡು ಓಡುವ ಜನ. ಸೈರನ್ ಇಲ್ಲ. ಅವಳು ಪರದೆಯ ಕಡೆ ತಿರುಗಿ ಸ್ಟಾರ್ಟ್ ಎಂದು ಹೊಡೆದಳು. ಆಗ ಮೂಗಪ್ಪ ಬಾಯಿ ಬಿಟ್ಟ, ದೊಡ್ಡ ವಾಲ್ವು ಮುಚ್ಚಿಕೊಂಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಆ ಸೈರನ್ ನಮ್ಮ ಬೀದಿಗೂ ಕೇಳಿಸಿತು. ನಾನು ಒಂದು ಕೋಟಿನ ತೋಳು ಕೂಡಿಸುತ್ತಿದ್ದೆ. ‘ಮೂಗಪ್ಪ ಮತ್ತೆ ಸುಳ್ಳು ಕೂಗು ಹಾಕ್ತಿದಾನೆ’ ಎಂದು ಅತ್ತೆಗೆ ಹೇಳಿ ನಕ್ಕೆ. ನಿಜವಾದ ಕೂಗೇ ಆದರೂ ಇವರು ಆಗಲೇ ಹೊರಗೆ ಓಡಿರುತ್ತಾರೆ ಎಂದುಕೊಂಡು ತೋಳು ಪೂರ್ತಿ ಹೊಲಿದೆ. ನಾನು ಹೊಲಿಯುತ್ತಿದ್ದಾಗ ಅವರನ್ನು ಕಾಲು ಹಿಡಿದು ಹೊರಗೆ ಎಳೆದು ಹಾಕಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ನಾನು ಅವಳ ಮುಖ ನೋಡಲಿಲ್ಲ. ಕಾಲು ನೋಡಿದೆ. ಎರಡೂ ಚಪ್ಪಲಿ ಇದ್ದವು. ಅಷ್ಟರಲ್ಲಿ ಕಂಪನಿಯವರು ಮಾತು ಹರಿಬಿಟ್ಟಾಗಿತ್ತು. ಆಪರೇಟರ್ ಹುಡುಗಿ ಅಲಾರಂ ನಿಲ್ಲಿಸಿದಳು, ಮತ್ತೆ ಹಾಕಲು ಮರೆತಳು. ಬೀದಿಗೂ ಅದೇ ಸುದ್ದಿ ಬಂತು. ಅತ್ತೆ ಮಗಳ ಕಡೆ ಬೆರಳು ತೋರಿಸಿ, ‘ಒಡಹುಟ್ಟಿದವನನ್ನೇ ತಿಂದುಕೊಂಡಳು’ ಎಂದರು. ಆಮೇಲೆ ಅವಳ ಕೂಡ ಮಾತು ಬಿಟ್ಟರು. ಒಂದೇ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು.

ನಾನು ನಂಬಲಿಲ್ಲ. ಅವಳ ಮೇಲಿನ ಪ್ರೀತಿಗಲ್ಲ, ಅವಳ ಹಟ ನನಗೆ ಗೊತ್ತಿತ್ತು. ಎರಡೂ ಚಪ್ಪಲಿ ಹಾಕಿಕೊಂಡಿದ್ದಾಳೆಂದರೆ ಅವಳು ಮೂಗಪ್ಪನನ್ನು ಎಬ್ಬಿಸಿಯೇ ಇಳಿದಿದ್ದಾಳೆ. ಅವಳು ಊಟಕ್ಕೆ ಕೂತಾಗ ಬೇರೆ ಯಾರೋ ಮೇಲೆ ಹೋಗಿ ಮತ್ತೆ ಮಲಗಿಸಿದ್ದಾರೆ. ಆ ಯಾರೋ ಮ್ಯಾನೇಜರ್ ಅಲ್ಲದೆ ಇನ್ಯಾರು? ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಅದನ್ನು ಸುರಿಯಲು ಒಂದು ತಲೆ ಬೇಕಿತ್ತು. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ವಿಚಾರಣೆ ನಡೆದದ್ದು ಗೋದಾಮಿನ ಆಫೀಸಿನಲ್ಲಿ. ಉದ್ದ ಮೇಜು, ಆಚೆ ವಿಚಾರಣೆಯ ಅಧಿಕಾರಿಗಳು, ಈಚೆ ನಾವು. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ‘ಅಲಾರಂ ನಿಲ್ಲಿಸು ಅಂತ ನಾನು ಯಾಕೆ ಹೇಳಲಿ?’ ಎಂದು ಕೈ ತೊಳೆದುಕೊಂಡ. ಅವಳ ತಪ್ಪೆಂದು ತೀರ್ಮಾನವಾದರೆ ಜೈಲೂ ಆಗಬಹುದೆಂದು ನಮಗೆ ಮೊದಲೇ ಹೇಳಿದ್ದರು. ನನ್ನ ಸರದಿ ಬಂದಾಗ ನಾನು ಚಪ್ಪಲಿಯ ಕಥೆಯನ್ನು ಒಂದು ಎಳೆ ಬಿಡದೆ ಹೇಳಿದೆ. ನಗುತ್ತಾರೇನೋ ಎಂದುಕೊಂಡಿದ್ದೆ, ನಗಲಿಲ್ಲ. ಹಮಾಲಿಗಳ ಮೇಸ್ತ್ರಿಯನ್ನು ಕರೆದು ಕೇಳಿದರು. ಅವನೂ, ‘ಹೌದು ಸ್ವಾಮಿ, ಏನಾದ್ರೂ ಮಲಗಿಸಿದ್ರೆ ಆಯಮ್ಮ ಕೆಳಗೆ ಬರೋದೇ ಇಲ್ಲ. ಅವತ್ತು ಎರಡೂ ಕಾಲಿಗೆ ಹಾಕ್ಕೊಂಡೇ ಬಂದ್ರು’ ಎಂದ. ಅಧಿಕಾರಿ ಪೆನ್ನು ಕೆಳಗಿಟ್ಟು ಮ್ಯಾನೇಜರ್ ಕಡೆ ತಿರುಗಿದ. ಮ್ಯಾನೇಜರ್ ಕತ್ತು ಒರೆಸಿಕೊಂಡ. ನನಗೆ ಆವತ್ತು ಮೊದಲ ಸಲ ಉಸಿರು ಸಲೀಸಾಗಿ ಬಂತು.

ಅವಳು ಕೂತಲ್ಲೇ ಎಡಗಾಲಿನ ಚಪ್ಪಲಿ ಬಿಚ್ಚಿದಳು. ಅದನ್ನು ಕುರ್ಚಿಯ ಕೆಳಗೆ ತಳ್ಳಿ ಎದ್ದು ನಿಂತಳು.

‘ಅತ್ತಿಗೆ ಹೇಳಿದ್ದು ನಿಜ. ಚಪ್ಪಲಿ ಹಾಕ್ಕೊಂಡೇ ಇಳಿದೆ. ಆದ್ರೆ ಮೂಗಪ್ಪ ಎದ್ದಿರಲಿಲ್ಲ. ನಾನು ಮಲಗಿಸಿದ ಮೇಲೆ ಯಾರೂ ಅವನನ್ನ ಮುಟ್ಟಿಲ್ಲ.’

ಅಧಿಕಾರಿಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು.

‘ಬೇರೆ ದಿನ ಬರೀ ಸ್ಟಾಪು, ಬರೀ ಸ್ಟಾರ್ಟು. ಅವತ್ತು ಡಿಸೇಬಲ್ ಮಾಡಿದ್ದೆ. ಹಾಗಾಗಿ ವಾಪಸ್ ತರೋವಾಗ ಎರಡು ಮಾತು ಹೊಡೀಬೇಕು. ಮೊದಲು ಎನೇಬಲ್ ಅಂತ ಹೊಡೆದೆ. ಅಂದ್ರೆ, ಮುಂದಿನ ಸಲ ಯಂತ್ರ ಎದ್ದಾಗ ನೀನೂ ಏಳು ಅಂತ ಹೇಳಿಟ್ಟ ಹಾಗೆ. ಈಗ್ಲೇ ಏಳು ಅಂತಲ್ಲ. ಅದಕ್ಕೆ ಸ್ಟಾರ್ಟ್ ಅನ್ನಬೇಕು. ಅದನ್ನ ಅನ್ನಲಿಲ್ಲ. ಸ್ಟೇಟಸ್ ಕೇಳಿದೆ. ಎನೇಬಲ್ಡ್ ಅಂತ ಹಸಿರು ಅಕ್ಷರ ಬಂತು. ಹಸಿರು ನೋಡಿ ಎದ್ದ ಅಂದ್ಕೊಂಡೆ.’

‘ಅಷ್ಟೇ ಬರುತ್ತಾ ಅದರಲ್ಲಿ?’

‘ಇಲ್ಲ. ಕೆಳಗಿನ ಸಾಲಿನಲ್ಲಿ ಡೆಡ್ ಅಂತ ಬಂದಿರುತ್ತೆ, ಅಂದ್ರೆ ಇನ್ನೂ ಮಲಗೇ ಇದ್ದಾನೆ ಅಂತ. ನಾನು ಅಲ್ಲಿ ತನಕ ಓದಲಿಲ್ಲ.’

‘ಯಾವಾಗಲೂ ಓದೋರು ಅವತ್ತು ಯಾಕೆ ಓದಲಿಲ್ಲ?’

ಅವಳು ತನ್ನ ಬರಿಗಾಲನ್ನು ನೋಡಿಕೊಂಡಳು. ಆಮೇಲೆ, ‘ಊಟದ ಹೊತ್ತಾಗಿತ್ತು’ ಎಂದಳು.

ನಾನು ಹೊಲಿಗೆಯವಳು, ಅವಳು ಹೇಳಿದ್ದು ನನಗೆ ಅಧಿಕಾರಿಗಿಂತ ಮೊದಲೇ ತಿಳಿಯಿತು. ಅಳತೆ ತೆಗೆದ ಮಾತ್ರಕ್ಕೆ ಅಂಗಿ ಮೈಮೇಲೆ ಬರುವುದಿಲ್ಲ. ಅಷ್ಟೇ ವಿಷಯ. ಆದರೆ ‘ಊಟದ ಹೊತ್ತು’ ಎಂಬ ಮಾತು ನನ್ನ ಎದೆಯಲ್ಲಿ ಸೂಜಿ ಮುರಿದ ಹಾಗೆ ಉಳಿದುಹೋಯಿತು. ಡಬ್ಬಿಯ ಊಟಕ್ಕೆ ಅವಸರ ಮಾಡಿ ನನ್ನ ಗಂಡನನ್ನು ಕಳೆದಳಲ್ಲ! ಕಳೆದ ಮೇಲೆ, ಇವಳನ್ನು ಉಳಿಸಲು ನಾನು ನಾಲ್ಕು ಜನರ ಮುಂದೆ ನಿಂತು ಆಡಿದ ಮಾತನ್ನೂ ಮಣ್ಣು ಮಾಡಿದಳಲ್ಲ. ಮ್ಯಾನೇಜರ್ ಕುರ್ಚಿಗೆ ಒರಗಿ ಕೂತ. ಏಳಲೇಬಾರದೆಂದು ಹೇಳಿದವನು ಅವನೇ ಎಂದು ಅವಳು ಎರಡು ಸಲ ಹೇಳಿದಳು. ಅವನು ಇಲ್ಲವೆಂದ, ಆವತ್ತು ಆ ಮಾತು ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಕುರ್ಚಿಯ ಕೆಳಗೆ ಉಳಿದಿದ್ದ ಚಪ್ಪಲಿಯನ್ನು ನಾನೇ ಚೀಲಕ್ಕೆ ಹಾಕಿಕೊಂಡು ಬಂದೆ.

ಜೈಲಿಗೆ ಹಾಕಲಿಲ್ಲ. ತಾನಾಗಿ ಒಪ್ಪಿಕೊಂಡಳೆಂದು ಕೆಲಸದಿಂದ ತೆಗೆದು, ಇನ್ನು ಮುಂದೆ ಅಂಥ ಕೆಲಸಕ್ಕೆ ಯಾರೂ ತೆಗೆದುಕೊಳ್ಳಬಾರದೆಂದು ಹೇಳಿ ಮನೆಗೆ ಕಳಿಸಿದರು. ಮ್ಯಾನೇಜರನನ್ನು ಇನ್ನೊಂದು ಗೋದಾಮಿಗೆ ಕಳಿಸಿದರು, ಇದಕ್ಕಿಂತ ದೊಡ್ಡದಕ್ಕೆ. ನಮ್ಮ ಮನೆಗೆ ಬಂದವಳಿಗೆ ಜೈಲೇ ವಾಸಿಯಾಗಿತ್ತೇನೋ. ಅತ್ತೆ ಅವಳ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. ಅವಳು ತಂದಿಟ್ಟ ಲೋಟವನ್ನು ನಾನು ಎತ್ತಿ ಕೊಟ್ಟರೆ ಕುಡಿಯುತ್ತಿದ್ದರು. ನಾನು ಅವಳಿಗೆ ಬೈಯುತ್ತಿದ್ದೆ. ಬೈಗುಳ ಮುಗಿದ ಮೇಲೆ ಯಂತ್ರದ ಪೆಡಲು ಜೋರಾಗಿ ತುಳಿಯುತ್ತಿದ್ದೆ. ಅವಳು ಪಾತ್ರೆ ತೊಳೆದಳು, ನೀರು ತುಂಬಿದಳು, ನನ್ನ ಬಟ್ಟೆಗಳಿಗೆ ಗುಂಡಿ ಹಾಕಿದಳು. ಬಲಗಾಲಿನ ಚಪ್ಪಲಿ ಮಾತ್ರ ಹಾಕಿಕೊಂಡು ಹೊರಗೆ ಹೋಗಿಬಂದಳು. ಎಡಗಾಲಿನದನ್ನು ನಾನು ಬಾಗಿಲ ಬಳಿ ಇಟ್ಟಿದ್ದೆ, ಅವಳು ಅದನ್ನು ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ನನ್ನ ಗಂಡನ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದೆ. ಒಗೆದು ಇಟ್ಟಿದ್ದರೂ ಆ ಘಾಟು ಇನ್ನೂ ಇತ್ತು. ಅದೇ ಹೊತ್ತಿಗೆ ಅವಳು ಅಡುಗೆಮನೆಯಿಂದ, ‘ಅತ್ತಿಗೆ, ಊಟದ ಹೊತ್ತಿಗೆ ಏನು ಮಾಡಲಿ?’ ಎಂದು ಕೇಳಿದಳು. ಬೇರೆ ಯಾವ ಮಾತು ಆಡಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಎದ್ದು ಹೋಗಿ ಅವಳ ಬಟ್ಟೆಗಳನ್ನು ಚೀಲಕ್ಕೆ ತುರುಕಿದೆ. ಚೀಲ ತಂದು ಹೊಸ್ತಿಲ ಮೇಲೆ ಇಟ್ಟೆ.

‘ಹೊರಡು. ಎಲ್ಲಿಗಾದ್ರೂ ಹೋಗು. ನಿನ್ನ ಮುಖ ನೋಡಿಕೊಂಡು ನನಗೆ ಬದುಕೋಕೆ ಆಗಲ್ಲ.’

ಅವಳು ಕೈ ಒರೆಸಿಕೊಂಡು ಬಂದಳು. ಬಲಗಾಲಿನ ಚಪ್ಪಲಿ ಮೆಟ್ಟಿಕೊಂಡು ಚೀಲಕ್ಕೆ ಕೈ ಹಾಕಿದಳು. ಒಂದು ಕಾಲು ಬರಿದಾಗಿ ಬೀದಿಗೆ ಇಳಿದು ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತಾಳೆ ಎಂದು ಇನ್ನೂ ಸಿಟ್ಟು ಬಂತು. ಬಾಗಿಲ ಬಳಿ ಇದ್ದ ಎಡಗಾಲಿನ ಚಪ್ಪಲಿಯನ್ನು ನನ್ನ ಕಾಲಿನಿಂದಲೇ ಅವಳ ಕಡೆಗೆ ತಳ್ಳಿದೆ.

‘ಹಾಕ್ಕೊ. ಬೇಗ ಹಾಕ್ಕೊಂಡು ಹೊರಡು.’

ಚಪ್ಪಲಿ ಜಾರಿಕೊಂಡು ಹೋಗಿ ಅವಳ ಬೆರಳಿಗೆ ತಾಗಿ ನಿಂತಿತು. ಅವಳು ಬಿಸಿ ತಾಗಿದವಳಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಚೀಲ ಕೈಯಿಂದ ಬಿತ್ತು. ಹೊಸ್ತಿಲ ಮೇಲೆ ಕುಸಿದು ಕೂತಳು. ಅಣ್ಣ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಅವನೂ ಹೀಗೇ ತಳ್ಳಿದ್ದು ಅತ್ತಿಗೆ.’

‘ಯಾರು?’

‘ಅಣ್ಣ. ಡಬ್ಬಿ ಹಿಡ್ಕೊಂಡು ಮೇಲೆ ಬಂದ. ಬೆಳಿಗ್ಗೆಯಿಂದ ನನ್ನ ಕಾಲು ಬರಿದಾಗಿದೆ ಅಂತ ಅವನಿಗೆ ಗೊತ್ತಿತ್ತು. ಚಳಿ ಹಿಡೀತದೆ, ಬೇಗ ಮುಗಿಸು ಅಂದ. ನಾನು ಎನೇಬಲ್ ಹೊಡೆದು ಸ್ಟೇಟಸ್ ಕೇಳಿದ್ದೆ. ಪರದೆ ಕಡೆ ಬಗ್ಗಿ ನೋಡಿ, ಹಸಿರು ಬಂತಲ್ಲ, ಎದ್ದ ಬಿಡು ಅಂದ. ಮೇಜಿನ ಕೆಳಗೆ ಕಾಲು ಚಾಚಿ ಚಪ್ಪಲಿ ನನ್ನ ಕಡೆ ತಳ್ಳಿದ. ದೊರೆಸಾನಿ, ಪಾದರಕ್ಷೆ ಅಂದ. ನನಗೆ ನಗು ಬಂತು. ನಗ್ತಾ ಹಾಕ್ಕೊಂಡುಬಿಟ್ಟೆ.’

ನಾನು ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕೂತೆ.

‘ಇದನ್ನ ಅಲ್ಲಿ ಯಾಕೆ ಹೇಳಲಿಲ್ಲ? ಊಟದ ಹೊತ್ತು ಅಂದ್ಯಲ್ಲ?’

‘ಏನು ಹೇಳಲಿ? ಸತ್ತವನ ಮೇಲೆ ಹಾಕಲಾ? ಅವನೇ ಕೈಯಾರೆ ತನ್ನ ಸಾವು ತಂದ್ಕೊಂಡ ಅಂತ ಅವರು ಬರ್ಕೊಳ್ಳಲಾ? ಅಮ್ಮ ಕೇಳಿದ್ರೆ ಏನಾಗ್ತಿದ್ಲು?’ ಅವಳು ಬಾಗಿಲ ಒಳಗೆ ನೋಡಿ ದನಿ ತಗ್ಗಿಸಿದಳು. ‘ತಳ್ಳಿದ್ದು ಅವನಾದ್ರೂ ಓದದೆ ಹಾಕ್ಕೊಂಡಿದ್ದು ನನ್ನ ಕಾಲು ತಾನೆ? ಅಮ್ಮನಿಗೆ ಹೇಳಬೇಡಿ ಅತ್ತಿಗೆ. ನನ್ನನ್ನ ಬೈಕೊಂಡಾದ್ರೂ ಇರಲಿ.’

ಹಿಂದಿನ ಕೋಣೆಯಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು. ನಾನು ಎದ್ದು ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ ಬಟ್ಟೆಗಳನ್ನು ಮೊದಲಿನ ಜಾಗದಲ್ಲಿ ಇಟ್ಟೆ.

ಅತ್ತೆಗೆ ನಾನು ಹೇಳಲಿಲ್ಲ. ಎಷ್ಟೋ ಸಲ ನಾಲಗೆಯ ತುದಿಗೆ ಬಂದು ನುಂಗಿಕೊಂಡೆ. ಕೊನೆಯ ಕಾಯಿಲೆಯಲ್ಲಿ ಅವಳೇ ಅವರನ್ನು ಎತ್ತಿ ಕೂರಿಸಿದಳು, ಮೈ ಒರೆಸಿದಳು, ಮಗ್ಗುಲು ಬದಲಿಸಿದಳು. ಮುಖ ಗೋಡೆಯ ಕಡೆಯಿಂದ ಇತ್ತ ತಿರುಗಿಸಿದರೆ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಾಗೆಯೇ ಕಣ್ಣು ಮುಚ್ಚಿಕೊಂಡು ಹೋದರು, ಮಗಳನ್ನು ನೋಡದೆ.

ಅವಳನ್ನು ನಾನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಒಂದೊಂದು ದಿನ ಈಗಲೂ ಬೈಯುತ್ತೇನೆ. ಸಂಜೆ ಒಂದೇ ದೀಪದ ಕೆಳಗೆ ನಾನು ಹೊಲಿಯುತ್ತೇನೆ, ಅವಳು ಗುಂಡಿ ಹಾಕುತ್ತಾಳೆ. ಹಾಕಿದ ಪ್ರತಿ ಗುಂಡಿಯನ್ನೂ ಎಳೆದು ನೋಡುತ್ತಾಳೆ, ಮತ್ತೆ ಎಳೆದು ನೋಡುತ್ತಾಳೆ. ಸಾಕು ಬಿಡೇ ಎಂದರೆ ಬಿಡುವುದಿಲ್ಲ. ಬಲಗಾಲಿನ ಚಪ್ಪಲಿ ಸವೆದು ಹೋಗಿದೆ, ಎಡಗಾಲಿನದು ಇನ್ನೂ ಹೊಸದರಂತಿದೆ. ಬಾಗಿಲ ಹಿಂದೆ ಕಸ ಗುಡಿಸುವಾಗ ಅದನ್ನು ನಾನು ಕೈಯಿಂದ ಎತ್ತಿ ಪಕ್ಕಕ್ಕೆ ಇಡುತ್ತೇನೆ. ಕಾಲಿನಿಂದ ತಳ್ಳುವುದಿಲ್ಲ.